ಬೇರು ಈಚೆ, ಕೊಂಬೆ ಆಚೆ

“ಹಲೋ... ಹಾಂ, ಯಾರು ಮಾತಾಡೋದು?... ಯಾವ ಮೇಸ್ತ್ರಿ? ನಮ್ಮನೇಲಿ ಗಾರೆ ಕೆಲಸ ಏನೂ ನಡೀತಿಲ್ಲಪ್ಪ. ನಂಬರು ತಪ್ಪಿರಬೇಕು, ನೋಡಿ...”

ಟೈಲರಮ್ಮ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅಂಗಿಯೊಂದಕ್ಕೆ ಕಾಜ ಹೊಲಿಯುತ್ತಿದ್ದರು. ಹೊಲಿಗೆ ಯಂತ್ರದ ಕಾಲಿಗೆ ಒರಗಿ ಕುಳಿತಿದ್ದ ಮೊಮ್ಮಗಳು ಬಟ್ಟೆಯ ಚೂರುಗಳನ್ನು ಬುಟ್ಟಿಯಿಂದ ಒಂದೊಂದಾಗಿ ಹೊರಗೆ ಹಾಕುತ್ತಿತ್ತು. ಅಜ್ಜಿ ಅವನ್ನು ಮತ್ತೆ ಬುಟ್ಟಿಗೆ ತುಂಬುವುದು, ಅದು ಮತ್ತೆ ಹೊರಗೆ ಹಾಕುವುದು, ಬೆಳಗಿನಿಂದ ಇದೇ ನಡೆದಿತ್ತು.

“ರಸ್ತೆ ಮೇಸ್ತ್ರಿನಾ?... ಪಕ್ಕದೂರಿನ... ನೀವೇನಾ?...”

ಸೂಜಿ ಬಟ್ಟೆಯಲ್ಲೇ ನಿಂತಿತು. ಈ ದನಿಯನ್ನು ಅವರು ಕೇಳಿದವರಲ್ಲ. ಆದರೆ ಈ ಮನುಷ್ಯನ ಜೊತೆ ಮನಸ್ಸಿನಲ್ಲೇ ಅವರು ಒಂದು ವರ್ಷದಿಂದ ಜಗಳವಾಡಿದ್ದರು. ಪ್ರಾರ್ಥನೆಗೆ ಕುಳಿತಾಗಲೂ ದೇವರ ಬದಲು ಇವನೇ ಎದುರಿಗೆ ಬಂದು ನಿಲ್ಲುತ್ತಿದ್ದ.

“ಹಾಂ, ಇದೀನಿ. ಹೇಳಿ... ಯಾಕೆ ಫೋನು ಮಾಡಿದ್ದು ಅಂತ ಗೊತ್ತು ನನಗೆ. ಎರಡೂ ಊರಿನ ಅಧ್ಯಕ್ಷರು ಬಂದಿದ್ರು, ಇದೇ ಬೆಂಚಿನ ಮೇಲೆ ಕೂತು ಹೋದ್ರು... ನಾಳೆ ಅವರಿಗೆ ಉತ್ತರ ಹೇಳ್ಬೇಕು. ಇವತ್ತು ನಿಮ್ಮ ಫೋನು. ಅಲ್ವಾ?”

ಎರಡು ಊರನ್ನೂ ಹಾದು ಹೋಗುವುದು ಒಂದೇ ರಸ್ತೆ, ನಡುವೆ ಒಂದು ಗಡಿಕಲ್ಲು. ಕಲ್ಲಿನ ಈಚೆಗಿನ ರಸ್ತೆಯನ್ನು ಈ ಪುರಸಭೆ ನೋಡಿಕೊಳ್ಳಬೇಕು, ಆಚೆಗಿನದನ್ನು ಆ ಪುರಸಭೆ. ಇವರ ಹತ್ತಿರ ರೋಲರ್ ಇದ್ದರೆ ಅದನ್ನು ಓಡಿಸುವವನಿಲ್ಲ. ಅವರ ಹತ್ತಿರ ಓಡಿಸುವವನಿದ್ದರೆ ರೋಲರೇ ಇಲ್ಲ. ಹಾಗೆಂದು ಒಬ್ಬರನ್ನೊಬ್ಬರು ಕೇಳುವಂತಿರಲಿಲ್ಲ, ಮರ್ಯಾದೆಯ ಪ್ರಶ್ನೆ. ಹಿಂದೊಮ್ಮೆ ಈಚೆಯ ಮರವೊಂದು ಉರುಳಿ ಆಚೆಗೆ ಬಿದ್ದಾಗ ಅವರು ಅದನ್ನು ಕಡಿದು ದಿಮ್ಮಿ ಸಾಗಿಸಿಕೊಂಡರು. ಮರ ನಮ್ಮದೆಂದು ಇವರು ಕೋರ್ಟಿಗೆ ಹೋದರು. ಅಂದಿನಿಂದ ಎರಡೂ ಕಚೇರಿಗಳಲ್ಲಿ ಒಂದೇ ಕಟ್ಟಪ್ಪಣೆ: ಬೇರು ಯಾರ ನೆಲದಲ್ಲಿದೆಯೋ ಮರ ಅವರದು, ಇನ್ನೊಬ್ಬರ ಮರಕ್ಕೆ ಕಚೇರಿಯ ಮಾತಿಲ್ಲದೆ ಗರಗಸ ಮುಟ್ಟಿಸಕೂಡದು.

ಟೈಲರಮ್ಮನ ಮಗಳಿಗೆ ಹೆರಿಗೆ ನೋವು ಬಂದ ದಿನ ಗಡಿಕಲ್ಲಿನ ಹತ್ತಿರ ಹಳೆಯ ಮರವೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಬೇರು ಈಚೆ, ಕೊಂಬೆ ಆಚೆ. ಎರಡು ಬದಿಗೂ ಆಳವಾದ ನಾಲೆ. ಆಸ್ಪತ್ರೆ ಇದ್ದದ್ದು ಆಚೆಯ ಊರಿನಲ್ಲಿ. ಈಚೆಯ ರಸ್ತೆ ಗ್ಯಾಂಗಿನ ಗರಗಸ ರಿಪೇರಿಗೆ ಹೋಗಿತ್ತು. ಆಚೆ ಈ ಮೇಸ್ತ್ರಿ ತನ್ನ ಆಳುಗಳೊಂದಿಗೆ ಗರಗಸದ ಯಂತ್ರ ಹಿಡಿದು ನಿಂತಿದ್ದ, ಕಚೇರಿಗೆ ಫೋನಿನ ಮೇಲೆ ಫೋನು ಮಾಡುತ್ತಾ. ಅಪ್ಪಣೆ ಬರಲೇ ಇಲ್ಲ. ಮರದ ಈಚೆ ನಿಂತಿದ್ದ ಅಳಿಯನ ವ್ಯಾನಿನಲ್ಲೇ ಮಗು ಹುಟ್ಟಿತು. ಅದರ ಅಳು ಕೇಳಿದ ಮೇಲೆ ಅವನು ಅಪ್ಪಣೆಗೆ ಕಾಯದೆ ಮರಕ್ಕೆ ಗರಗಸ ಹಚ್ಚಿದ. ದಾರಿ ತೆರೆಯಿತು. ಆದರೆ ತಾಯಿಯ ರಕ್ತ ನಿಂತಿರಲಿಲ್ಲ. ಅವಳು ಆಸ್ಪತ್ರೆಯ ಮೆಟ್ಟಿಲು ಕಾಣಲಿಲ್ಲ.

“ಈಗ ಒಂದಾಗ್ತಾರಂತೆ. ಒಂದೇ ಗ್ಯಾಂಗು, ಒಂದೇ ರೋಲರ್ರು, ಟಾರು ಡ್ರಮ್ಮು, ಗರಗಸ, ಎಲ್ಲ ಹಂಚ್ಕೊಂಡು... ಹಾಂ, ಒಳ್ಳೇದೇ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ... ಅವರು ಜಗಳ ಆಡಿದ್ರು, ಕೂಸು ಬಡವಾಯ್ತು. ಗಾದೆ ಮಾತಿಗೆ ಹೇಳ್ತಿಲ್ಲ. ಕೂಸು ಇಲ್ಲೇ ಇದೆ, ನನ್ನ ಕಾಲ ಹತ್ರ...”

ಕೂಸು ತನ್ನ ವಿಷಯ ಬಂತೆಂದು ತಿಳಿದಂತೆ ತಲೆಯೆತ್ತಿ ನೋಡಿತು.

ಜಂಟಿ ಗ್ಯಾಂಗಿಗೆ ಮೇಸ್ತ್ರಿ ಇವನೇ ಎಂದು ಅಧ್ಯಕ್ಷರಿಬ್ಬರೂ ಒಪ್ಪಿದ್ದರು. ಆದರೆ ಟೈಲರಮ್ಮ ಬೇಡವೆಂದರೆ ಬೇರೆಯವನನ್ನು ತರುತ್ತೇವೆಂದು ಮಾತು ಕೊಟ್ಟು ಹೋಗಿದ್ದರು. ವ್ಯಾನು ಓಡಿಸುವ ಅಳಿಯನನ್ನು ಕೇಳಿದರೆ, “ಅತ್ತೆ, ನಿಮ್ಮ ಮಾತೇ ನನ್ನ ಮಾತು” ಅಂದು ಮುಖ ತಿರುಗಿಸಿಕೊಂಡಿದ್ದ. ಬೇಡವೆನ್ನಬೇಕೆಂದು ಅವರು ಎಂದೋ ನಿಶ್ಚಯಿಸಿಯಾಗಿತ್ತು.

“ಸುತ್ತಿ ಬಳಸಿ ಮಾತು ಬೇಡ. ಈ ಕೆಲಸ ನಿಮಗೆ ಆಗ್ಲಿ ಅಂತ ನಾನು ಹೇಳ್ಬೇಕು, ಅದಕ್ಕೆ ತಾನೇ?... ಏನಂದ್ರಿ?... ಇನ್ನೊಂದ್ಸಲ ಹೇಳಿ...”

“ಬೇಡ ಅನ್ನಿ ಅಂತೀರಾ?... ನೀವೇ?... ಯಾಕೆ?”

ಟೈಲರಮ್ಮ ಅಂಗಿಯನ್ನು ಪಕ್ಕಕ್ಕಿಟ್ಟು ಫೋನನ್ನು ಕೈಗೆ ತೆಗೆದುಕೊಂಡರು. ಇಂಥ ಬೇಡಿಕೆಗೆ ಅವರು ಸಿದ್ಧರಾಗಿರಲಿಲ್ಲ. ಕೈಮುಗಿದು ಬರುವವನನ್ನು ಬಾಗಿಲಿನಿಂದಲೇ ಕಳಿಸಬೇಕೆಂದು ಕಾದು ಕುಳಿತವರಿಗೆ, ಬಂದವನು ತಾನೇ ಬಾಗಿಲು ಹಾಕಿ ಎಂದರೆ ಏನು ಮಾಡಬೇಕು?

“ಆ ಜಾಗದಲ್ಲಿ ನಿಲ್ಲೋಕಾಗಲ್ಲ ಅಂದ್ರೆ?... ಈಗ್ಲೂ ಅದೇ ದಾರೀಲಿ ಅಲ್ವಾ ನಿಮ್ಮ ಕೆಲಸ?... ಗಡಿಕಲ್ಲಿನವರೆಗೂ ಹೋಗದೆ ಹಿಂದೆ ಬರ್ತೀರಾ. ಹಾಂ... ಆಳುಗಳನ್ನ ಕಳಿಸಿ ನೀವು ದೂರ ನಿಲ್ತೀರಾ... ನಿಮಗೆ ಹಾಗೆ ದೂರ ನಿಲ್ಲೋ ದಾರಿ ಆದ್ರೂ ಇದೆ. ನನಗೆ ಅದೂ ಇಲ್ಲ. ಇವಳಿಗೆ ಚುಚ್ಚುಮದ್ದು ಹಾಕಿಸೋಕೆ ಆ ಕಲ್ಲು ದಾಟೇ ಹೋಗ್ಬೇಕು...”

ಟೈಲರಮ್ಮ ನೆಲದ ಮೇಲಿನ ಬಟ್ಟೆಯ ಚೂರೊಂದನ್ನು ಬುಟ್ಟಿಗೆ ಹಾಕಿದರು.

“ಇದೀರಾ?... ಹಾಗಾದ್ರೆ ಒಂದು ಕೇಳ್ತೀನಿ. ವರ್ಷದಿಂದ ಇಟ್ಕೊಂಡಿದೀನಿ. ಉತ್ತರ ಕೊಟ್ರೆ ಕೊಡಿ, ಇಲ್ದಿದ್ರೆ ಫೋನಿಡಿ. ನನಗೇನೂ ಬೇಸರ ಇಲ್ಲ.”

ಕೇಳಲೋ ಬೇಡವೋ ಎಂದು ಒಂದು ಗಳಿಗೆ ಮಗುವಿನ ನೆತ್ತಿಯನ್ನೇ ನೋಡಿದರು.

“ಮಗು ಅತ್ತಿದ್ದು ಕೇಳಿ ಗರಗಸ ಹಚ್ಚಿದ್ರಲ್ಲ. ಅದಕ್ಕೆ ಮುಂಚೆ ಅದರ ಅಮ್ಮ ಅಷ್ಟು ಹೊತ್ತು ಕೂಗಿದಳು. ಅದು ನಿಮಗೆ ಕೇಳಿಸಲಿಲ್ವಾ?”

...

“ಹಲೋ?...”

...

“ಕೇಳಿಸ್ತು ಅಂದ್ರಾ?...”

ಟೈಲರಮ್ಮ ಗೋಡೆಗೆ ಒರಗಿದರು. ಈ ಒಂದು ವರ್ಷದಲ್ಲಿ ಎಷ್ಟು ಜನ ಬಂದು ಕುಳಿತು ಹೋಗಿದ್ದರು. ಅಧ್ಯಕ್ಷರು ಊರಲ್ಲಿರಲಿಲ್ಲವಂತೆ. ಕಚೇರಿಯ ಗುಮಾಸ್ತ ಊಟಕ್ಕೆ ಹೋಗಿದ್ದನಂತೆ. ಇಂಜಿನಿಯರಿಗೆ ಇಷ್ಟು ಗಂಭೀರವೆಂದು ಯಾರೂ ತಿಳಿಸಲಿಲ್ಲವಂತೆ. ದೇವರಿಚ್ಛೆ ಎಂದವರೂ ಇದ್ದರು. ಆ ಮಾತನ್ನು ದಿನವೂ ದೇವರಿಗೆ ಕೈಮುಗಿಯುವ ಟೈಲರಮ್ಮನಿಂದಲೇ ಸಹಿಸಲಾಗಿರಲಿಲ್ಲ. ಎಲ್ಲರ ಕಿವಿಯೂ ಆ ದಿನ ಬೇರೆ ಎಲ್ಲೋ ಇತ್ತು. ಕೇಳಿಸಿತು ಎಂದು ಹೇಳಿದವನು ಇವನೊಬ್ಬನೇ.

“ಬೇಡ, ಇನ್ನೇನೂ ಹೇಳ್ಬೇಡಿ. ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು, ಆಯ್ತು. ಅದನ್ನ ನಾನೇ ಹೇಳ್ಕೊಂಡಿದೀನಿ ನಿಮ್ಮ ಪರವಾಗಿ ಎಷ್ಟೋ ಸಲ... ಅಳಬೇಡಪ್ಪ. ನಾನೇ ಅಳ್ತಿಲ್ಲ ನೋಡು...”

ಆದರೆ ಅವರು ಅಳುತ್ತಿದ್ದರು. ‘ನೀವು’ ಹೋಗಿ ‘ನೀನು’ ಆದದ್ದೂ ಅವರ ಗಮನಕ್ಕೆ ಬರಲಿಲ್ಲ. ಮಗು ಅವರ ಸೀರೆಯ ನೆರಿಗೆ ಹಿಡಿದು ಎದ್ದು ನಿಲ್ಲಲು ನೋಡಿತು. ಅವರು ಕೆನ್ನೆ ಒರೆಸಿಕೊಂಡು ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು.

“ಈಗ ನನ್ನ ಮಾತು ಕೇಳು. ನಾಳೆ ನಾನು ಬೇಡ ಅಂತೀನಿ ಅಂದ್ಕೋ. ಬೇರೆ ಯಾರನ್ನೋ ತರ್ತಾರೆ... ಒಳ್ಳೆಯವನೇ ಇರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಮರ ಬಿದ್ರೆ ಅವನು ಮೊದಲು ಬೇರು ಎಲ್ಲಿದೆ ಅಂತ ನೋಡ್ತಾನೆ. ಒಪ್ಪಂದ ಗಿಪ್ಪಂದ ಎಷ್ಟೇ ಮಾಡ್ಲಿ, ಹಳೇ ಅಭ್ಯಾಸ ಎಲ್ಲಿಗೆ ಹೋಗುತ್ತೆ?... ನೀನು ನೋಡ್ತೀಯಾ? ಹೇಳು... ನೋಡಲ್ಲ. ನಿನ್ನ ಕೈಲಿ ಆಗಲ್ಲ. ಅಲ್ಲಿ ನಿಂತು ಕೇಳಿಸ್ಕೊಂಡವನೇ ಬೇಕು ಆ ಕೆಲಸಕ್ಕೆ... ಕಷ್ಟ ಆಗುತ್ತೆ, ಗೊತ್ತು. ಆಗ್ಲಿ. ಸುಖ ಪಡು ಅಂತ ನಾನೂ ಹೇಳ್ತಿಲ್ಲ...”

“ಕ್ಷಮೆನಾ?... ಇಲ್ಲಪ್ಪ. ಅದು ನನ್ನ ಹತ್ರ ಇಲ್ಲ. ಹುಡುಕಿದೀನಿ, ಸುಳ್ಳು ಹೇಳಲ್ಲ. ದಿನಾ ಕಣ್ಣು ಮುಚ್ಚಿ ಕೂತು ಹುಡುಕ್ತೀನಿ. ಸಿಕ್ಕಿದ ದಿನ ನಾನೇ ಫೋನು ಮಾಡ್ತೀನಿ... ಅಲ್ಲಿವರೆಗೂ ಕೆಲಸ ಮಾಡು...”

ಅತ್ತ ಕಡೆ ಯಾರೋ ಓಡಿ ಬಂದು ಕೂಗುತ್ತಿರುವ ಸದ್ದು ಕೇಳಿಸಿತು. ಮೇಸ್ತ್ರಿ ಫೋನನ್ನು ದೂರ ಹಿಡಿದು ಬಂದವನನ್ನು ಏನೋ ಕೇಳುತ್ತಿದ್ದ.

“ಏನದು?... ಟ್ಯಾಂಕರಿನಿಂದ ರಸ್ತೆಗೆ ಎಣ್ಣೆ ಚೆಲ್ಲಿದೆಯಾ? ಎಲ್ಲಿ?... ನಮ್ಮ ಕಡೆ ಇಳಿಜಾರಿನಲ್ಲಾ?... ಅಯ್ಯೋ. ಸ್ಕೂಟರಿನವರು ಜಾರಿ ಬೀಳ್ತಿದಾರಾ... ಅದಕ್ಕೆ ಏನು ಹಾಕ್ತೀರಿ?... ಮರಳು. ಇದೆಯಾ ನಿನ್ನ ಹತ್ರ?... ಲಾರಿ ತುಂಬಿ ನಿಂತಿದೆ. ಮತ್ತೆ?”

“ಹಾಂ, ಒಪ್ಪಂದ ಬರೋ ತಿಂಗಳಿಂದ. ಗೊತ್ತು... ಗೊತ್ತಪ್ಪ, ಗಡಿಕಲ್ಲಿನ ಈಚೆ ಅದು. ನಮ್ಮ ಕಚೇರೀಲಿ ಫೋನು ಎತ್ತುತ್ತಿಲ್ಲ... ಹೂಂ, ಅವರು ಯಾವತ್ತು ಎತ್ತಿದಾರೆ?...”

“ಏನಂದೆ? ಹೋಗಲಾ ಅಂತ ನನ್ನ ಕೇಳ್ತಿದೀಯಾ?”

ಮಗು ಫೋನಿಗೆ ಕೈ ಹಾಕಿತು. ಟೈಲರಮ್ಮ ಅದರ ಪುಟ್ಟ ಮುಷ್ಟಿಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು.

“ಯಾರನ್ನೂ ಕೇಳ್ತಾ ನಿಲ್ಬೇಡ. ನನ್ನನ್ನೂ ಕೇಳ್ಬೇಡ. ಯಾರಾದ್ರೂ ಬೈದ್ರೆ ನನ್ನ ಹತ್ರ ಕಳಿಸು, ನಾನು ಮಾತಾಡ್ತೀನಿ ಅವರ ಜೊತೆ. ನಾಳೆ ಅಧ್ಯಕ್ಷರು ಬಂದಾಗ ಏನು ಹೇಳ್ಬೇಕೋ ಅದನ್ನೂ ನಾನು... ಹಲೋ? ಹೊರಟ್ಯಾ?... ಹಲೋ...”

ಫೋನು ಕಡಿದುಹೋಗಿತ್ತು. ಅವನು ಅವರ ಮಾತು ಮುಗಿಯುವ ತನಕವೂ ಕಾದಿರಲಿಲ್ಲ.