ಸಂಜೀವಯ್ಯನವರ ಫೈಲಿನ ಒಂದು ಹಾಳೆ

ಸಂಜೀವಯ್ಯನವರ ಪತ್ನಿ ಮಾರಮ್ಮನವರೇ, ಮಗಳು ಇಂದ್ರಾಣಿ, ಹನುಮಂತನಗರದಿಂದ ಬಂದಿರುವ ನೆಂಟರೇ, ನಮ್ಮ ಪ್ರಯೋಗಾಲಯದ ಗೆಳೆಯರೇ — ಈ ಸಂತಾಪ ಸಭೆಯಲ್ಲಿ ನಿಮಗೆಲ್ಲ ಕೈಮುಗಿಯುತ್ತೇನೆ. ನಾನು ಶಾಂತಾದೇವಿ. ಬನಶಂಕರಿಯ ಈ ಸಂಸ್ಥೆಯಲ್ಲಿ ಸಂಜೀವಯ್ಯನವರ ಜೊತೆ ಎಂಟು ವರ್ಷ ಕೆಲಸ ಮಾಡಿದವಳು. ಜೊತೆ ಅನ್ನೋದು ಸುಳ್ಳು — ಮೇಲೆ ಕೂತು ಮಾಡಿಸಿದವಳು.

ಹೋದ ಸೋಮವಾರ ಸುಬ್ರಹ್ಮಣ್ಯಪುರದ ತಿರುವಿನಲ್ಲಿ ಅವರ ಸೈಕಲ್ಲಿಗೆ ಲಾರಿ ಗುದ್ದಿತು. ಡ್ರೈವರ್ ನಿಲ್ಲಿಸದೆ ಹೋದ. ಕೈಗೆ ಸಿಕ್ಕರೆ ಅವನನ್ನ ಸಿಗಿದುಹಾಕ್ತೀನಿ ಅಂತ ಮೂರು ದಿನ ಕೂಗಾಡಿದೆ. ನಾಲ್ಕನೇ ದಿನ ಬಾಯಿ ಕಟ್ಟಿಹೋಯ್ತು. ಯಾಕೆ ಅಂತ ಹೇಳ್ತೀನಿ — ಕೇಳಿ.

ನಮ್ಮ ಕೆಲಸ ಏನು ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೈಯೊಳಗೆ ತಾನಾಗಿ ಕರಗಿಹೋಗುವ ಒಂದು ಬಗೆಯ ಪ್ಲಾಸ್ಟಿಕ್ಕು — ಪಾಲಿಮರ್ ಅಂತೀವಿ. ಅದರಿಂದ ಸಾಸಿವೆಗಿಂತ ಸಣ್ಣ ಮಣಿ ಮಾಡಿ, ಮೂಳೆ ಬೆಳೆಸುವ ಪ್ರೋಟೀನು ತುಂಬಿ, ಮುರಿದ ಜಾಗದಲ್ಲಿ ಇಡ್ತೀವಿ. ಮಣಿ ವಾರಗಟ್ಟಲೆ ನಿಧಾನಕ್ಕೆ ಕರಗಬೇಕು, ಪ್ರೋಟೀನು ಚೂರುಚೂರೇ ಹೊರಬರಬೇಕು, ಮೂಳೆ ಕೂಡಬೇಕು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಕೂಡಿಸೋಕೆ ಮೊದಲು ಒಡೀಬೇಕಲ್ಲ. ಮೊಲದ ಮುಂಗಾಲಿನ ಮೂಳೆ ಕೊರೀತೀವಿ. ಹನ್ನೆರಡು ವಾರ ಆದಮೇಲೆ, ಕೂಡಿದೆಯಾ ಅಂತ ನೋಡೋಕೆ, ಆ ಮೊಲವನ್ನ ಕೊಲ್ತೀವಿ. ನಾವು ಅಚ್ಚು ಹಾಕಿಸುವ ಲೇಖನದಲ್ಲಿ ಅದು ಒಂದೇ ಸಾಲು.

ಆ ಒಂದು ಸಾಲು — ಸಂಜೀವಯ್ಯನವರ ಕೈ.

ತೊಂಬತ್ತಾರರಲ್ಲಿ ಅವರು ಸೇರಿದ ವಾರವೇ ಎಲ್ಲರೆದುರು ಹೇಳಿದೆ, "ಕತ್ತು ಮುರಿಯೋದು ಇವರು ಮಾಡ್ಲಿ. ಇವರಿಗೆಲ್ಲ ಅಭ್ಯಾಸ ಇರತ್ತೆ." ಇವರಿಗೆಲ್ಲ — ಹಾಗಂದೆ. ಕೂತಿದ್ದವರು ಯಾರೂ ತಲೆ ಎತ್ತಲಿಲ್ಲ. ಸಂಜೀವಯ್ಯನವರು ಮೆತ್ತಗೆ ಅಂದರು, "ಮೇಡಂ, ನಮ್ಮಪ್ಪನ ಕಾಲದಿಂದ ನಮ್ಮನೇಲಿ ಬುದ್ಧ. ಜೀವ ತೆಗೆಯಲ್ಲ ಅಂತ ದಿನಾ ಬೆಳಿಗ್ಗೆ ಹೇಳ್ಕೊಂಡು ಬರ್ತೀನಿ." ನಾನಂದೆ, "ಹಾಗಾದ್ರೆ ಬೇರೆ ಕೆಲಸ ನೋಡ್ಕೊಳ್ಳಿ." ಇಂದ್ರಾಣಿ ಆಗ ಮೂರನೇ ಕ್ಲಾಸು. ಅವರು ಕೆಲಸ ಬಿಡಲಿಲ್ಲ.

ಎರಡು ಸಾವಿರದ ಒಂದು, ಏಪ್ರಿಲ್. ಮಣಿಗಳನ್ನ ಫ್ರಿಜ್ಜಿಗೆ ಇಡೋದು ಮರೆತು ನಾನು ಮದುವೆಗೆ ಹೋದೆ. ಎರಡು ದಿನದ ಸೆಖೆಗೆ ಅವು ಮೆತ್ತಗಾಗಿದ್ದವು. ಕಂಡೆ. ಕಂಡರೂ ಮೊಲಗಳಿಗೆ ಇಟ್ಟೆ. ಪ್ರೋಟೀನೆಲ್ಲ ಒಂದೇ ದಿನಕ್ಕೆ ಸುರಿದುಹೋಗಿರಬೇಕು. ಹನ್ನೆರಡು ವಾರದ ಮೇಲೆ ಇಪ್ಪತ್ನಾಲ್ಕು ಮೊಲದಲ್ಲಿ ಇಪ್ಪತ್ಮೂರನ್ನ ಕೊಂದು ನೋಡಿದೆವು — ಒಂದರ ಮೂಳೆಯೂ ಕೂಡಿರಲಿಲ್ಲ. ವರದಿಯಲ್ಲಿ ಬರೆದೆ: "ಪ್ರಾಣಿಗಳ ಆರೈಕೆಯಲ್ಲಿ ಸಂಜೀವಯ್ಯ ಅವರ ನಿರ್ಲಕ್ಷ್ಯವೇ ಕಾರಣ."

ಸಂಜೀವಯ್ಯನವರು ಆ ಹಾಳೆ ಹಿಡಿದುಕೊಂಡೇ ಬಂದರು. ಗಾಜಿನ ಸಾಮಾನಿದ್ದ ಟ್ರೇ ಎತ್ತಿ ಗೋಡೆಗೆ ಬೀಸಿದರು — ಹೀಗೆ! ಚೂರು ಹಾರಿ ನನ್ನ ಹಣೆ ಸೀಳಿತು. ಈ ಗುರುತು ಅದೇ. ರಕ್ತ ಕಣ್ಣಿಗಿಳೀತಿತ್ತು. ನನ್ನ ಎರಡೂ ಕೈ ಎಳೆದು ಕೊನೆಯ ಮೊಲದ ಕತ್ತಿನ ಮೇಲೆ ಇಟ್ಟರು. "ಇಪ್ಪತ್ಮೂರು ನಾನು ಮುರಿದೆ. ಯಾರ ತಪ್ಪಿಗೆ? ಇದೊಂದು ನೀವು ಮುರೀರಿ!"

ಮುರಿದೆ. ಸರಿಯಾಗಿ ಮುರಿಯಲಿಲ್ಲ. ಮೊಲ ಕಿರುಚುತ್ತೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಅವರೇ ಕಿತ್ತುಕೊಂಡು ಒಂದೇ ಸಲಕ್ಕೆ ಮುಗಿಸಿದರು.

ಆ ಹಾಳೆ ನಾನು ವಾಪಸ್ ತಗೊಳ್ಳಲಿಲ್ಲ. ಮೂರು ಸಲ ಖಾಯಂ ಮಾಡುವ ಪಟ್ಟಿಯಲ್ಲಿ ಅವರ ಹೆಸರು ಬಂತು, ಮೂರು ಸಲವೂ ಅದೇ ಹಾಳೆ ಹೊಡೆದುಹಾಕಿತು. ಸತ್ತ ದಿನವೂ ಅವರು ತಾತ್ಕಾಲಿಕ ನೌಕರ. ಗುದ್ದಿ ನಿಲ್ಲಿಸದೆ ಹೋದವಳು ನಾನೂ ಒಬ್ಬಳು!

ತಪ್ಪು ನನ್ನದು ಅಂತ ಇವತ್ತು ಬೆಳಿಗ್ಗೆ ಬರೆದು, ಸಹಿ ಹಾಕಿ ನಿರ್ದೇಶಕರಿಗೆ ಕೊಟ್ಟೆ. "ಸಭೇಲಿ ಮಾತ್ರ ಎತ್ತಬೇಡಿ ಮೇಡಂ" ಅಂದರು. ಅದಕ್ಕೇ ಎತ್ತುತ್ತಿದ್ದೇನೆ. ಇದು ಇನ್ನೊಂದು ಪ್ರತಿ — ತಗೊಳ್ಳಮ್ಮ ಇಂದ್ರಾಣಿ. ಕ್ಷಮಿಸು ಅಂತ ಕೇಳೋಲ್ಲ. ಕೇಳೋ ಮುಖ ನನಗಿಲ್ಲ.

ಈಗ ಮೌನ. ಗಡಿಯಾರ ನೋಡೋದು ಬೇಡ. ಪ್ರತಿ ಮೊಲದ ಎದೆ ಮೇಲೂ ಸಂಜೀವಯ್ಯನವರು ಕೈ ಇಟ್ಟುಕೊಂಡೇ ನಿಲ್ತಿದ್ದರು — ಬಡಿತ ಪೂರ್ತಿ ನಿಲ್ಲೋವರೆಗೆ. ಅಲ್ಲೀತನಕ ಯಾರೂ ಮಾತಾಡೋ ಹಾಗಿರಲಿಲ್ಲ, ಕತ್ತರಿ ಮುಟ್ಟೋ ಹಾಗಿರಲಿಲ್ಲ. ಅಷ್ಟು ಹೊತ್ತು ನಿಲ್ಲೋಣ.

ಮಾರಮ್ಮನವರೇ, ನೀವು ಕೂತಿರಿ. ನೀವು ಏಳಬೇಕಾಗಿಲ್ಲ. ಪ್ರಯೋಗಾಲಯದ ಗೆಳೆಯರೇ, ಅವತ್ತು ತಲೆ ಎತ್ತದೆ ಕೂತಿದ್ದಿರಲ್ಲ — ನೀವು ಏಳಿ.