ಅಡುಗೆಮನೆಯೊಳಗಿನ ಚಪ್ಪಲಿ

ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಹಿಟ್ಟು ರುಬ್ಬುವ ಹೆಂಗಸನ್ನು ಎಲ್ಲಾದರೂ ಕಂಡಿದ್ದೀರಾ? ನೋಡಿ, ಮಠದಲ್ಲಿ ನನ್ನ ಮುಂದೆ ಕೂತ ತಾಯಂದಿರು ಆಗಲೇ ಮುಖ ಸಿಂಡರಿಸಿದರು. ಹಾಗಾದರೆ ಇದನ್ನು ಕೇಳಿ.

ಒಂದೂರು ಅಂದುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಗ್ರೈಂಡರ್ ಮಾಡಿ ಮಾರುತ್ತಿದ್ದ. ಊರಿನ ಮುಕ್ಕಾಲು ಮನೆಗಳಲ್ಲಿ ಅವನ ಗ್ರೈಂಡರೇ. ಮಾರಿದ ಮೇಲೆ ದೂರು ಬರುವುದಿಲ್ಲವೇ? ಬೆಳಗಾದರೆ ಫೋನು. ಬೆಲ್ಟ್ ಸಡಿಲ, ಕಲ್ಲು ತಿರುಗಲ್ಲ, ಒಂದಾ ಎರಡಾ? ಸಾಹುಕಾರನಿಗೆ ತಲೆ ಚಿಟ್ಟು ಹಿಡಿಯಿತು. ಆಗ ಒಬ್ಬ ಬುದ್ಧಿವಂತ ಹೇಳಿಕೊಟ್ಟ, "ಸಾವ್ಕಾರ್ರೇ, ದೂರು ಹೇಳೋಕೆ ಅಂತಲೇ ಬೇರೆ ನಂಬರ್ ಇಡಿ. ಮಾಮೂಲಿ ಫೋನಿನ ಥರ ಅಲ್ಲ, ಅದಕ್ಕೆ ನಿಮಿಷಕ್ಕಿಷ್ಟು ಅಂತ ಜಾಸ್ತಿ ದುಡ್ಡು ಕೀಳುತ್ತೆ. ಅದರಲ್ಲಿ ನಿಮಗೂ ಒಂದು ಪಾಲು."

ಎಂಥ ಬುದ್ಧಿ ನೋಡಿ! ವಸ್ತು ಮಾರಿದರೂ ಲಾಭ, ಕೆಟ್ಟರೂ ಲಾಭ. ಹೊಸ ನಂಬರ್ ಬಂತು. ಫೋನು ಮಾಡಿದರೆ ಮೊದಲು ಹಾಡು. ಆಮೇಲೆ 'ಕನ್ನಡಕ್ಕೆ ಒಂದನ್ನು ಒತ್ತಿ.' ಒತ್ತಿದರೆ ಮತ್ತೆ ಹಾಡು. 'ನಿಮ್ಮ ಕರೆ ನಮಗೆ ಅಮೂಲ್ಯ' ಎಂದು ಒಂದು ಇಂಪಾದ ದನಿ. ಅಮೂಲ್ಯವಲ್ಲದೆ ಇನ್ನೇನು, ನಿಮಿಷ ನಿಮಿಷಕ್ಕೂ ದುಡ್ಡು ಉದುರುತ್ತಿತ್ತಲ್ಲ!

ಕೆಲವು ತಿಂಗಳಲ್ಲಿ ದೂರುಗಳು ನಿಂತೇ ಹೋದವು. ಇಲ್ಲಿ ಸಾಹುಕಾರನಿಗೆ ಒಂದು ಕುತೂಹಲ ಹುಟ್ಟಬೇಕಿತ್ತು. ಯಾಕೆ ನಿಂತವು? ಹುಟ್ಟಲಿಲ್ಲ. 'ನನ್ನ ಮಾಲು ಅಷ್ಟು ಗಟ್ಟಿ' ಎಂದು ಮೀಸೆ ತಿರುವಿದ.

ಒಂದು ದಿನ ತಂಗಿಯ ಮನೆಗೆ ಊಟಕ್ಕೆ ಹೋದ. ಅಡುಗೆಮನೆಗೆ ಇಣುಕಿದರೆ, ತಂಗಿ ಗ್ರೈಂಡರ್ ಮುಂದೆ ನಿಂತಿದ್ದಾಳೆ, ಕಾಲಲ್ಲಿ ಹವಾಯಿ ಚಪ್ಪಲಿ! ಪಕ್ಕದ ಗೂಡಿನಲ್ಲಿ ದೇವರು, ದೀಪ ಉರಿಯುತ್ತಿದೆ.

"ಏನೇ ಇದು? ದೇವರ ಮುಂದೆ ಚಪ್ಪಲಿ? ಅಮ್ಮ ಇದ್ದಿದ್ರೆ ನಿನ್ನ ಕಾಲು ಮುರೀತಿದ್ಲು!"

"ಇನ್ನೇನ್ ಮಾಡ್ಲಣ್ಣ? ಬರಿಗಾಲಲ್ಲಿ ಮುಟ್ಟಿದ್ರೆ ನಿನ್ನ ಗ್ರೈಂಡರ್ ಶಾಕ್ ಹೊಡೆಯುತ್ತೆ. ಈ ಬೀದೀಲಿ ಎಷ್ಟೋ ಜನ ಹಿಂಗೇ ರುಬ್ಬೋದು."

"ಫೋನ್ ಮಾಡೋಕೇನಾಗಿತ್ತು?"

"ಮಾಡಿದ್ದೆ. ಹಾಡು ಕೇಳ್ತಾ ಕೇಳ್ತಾ ಫೋನಲ್ಲಿದ್ದ ದುಡ್ಡೆಲ್ಲ ಹೋಯ್ತು. ಅದಕ್ಕಿಂತ ಚಪ್ಪಲೀನೇ ಅಗ್ಗ."

"ಅಯ್ಯೋ, ನನಗೇ ಹೇಳಬಾರದಿತ್ತಾ?"

"ನಿನಗಾ? ಹೋದ್ಸಲ ಕಲ್ಲು ಸರಿಯಾಗಿ ತಿರುಗಲ್ಲ ಅಂದಿದ್ದಕ್ಕೆ ಗೌರಿ ಹಬ್ಬಕ್ಕೂ ಮಾತಾಡಿಸ್ಲಿಲ್ಲವಲ್ಲೋ ನೀನು!"

ಅಷ್ಟರಲ್ಲಿ ತಂಗಿಯ ಮೊಮ್ಮಗು ಅಂಬೆಗಾಲಿಡುತ್ತ ಒಳಗೆ ಬಂತು. ಬರಿಗೈ, ಬರಿಗಾಲು. ಸೀದಾ ಗ್ರೈಂಡರ್ ಕಡೆಗೇ. ಸಾಹುಕಾರ ಎರಡೇ ಹೆಜ್ಜೆಗೆ ಹಾರಿ ಮಗುವನ್ನು ಬಾಚಿಕೊಂಡ. ಅದರ ಬೆರಳು ಇನ್ನೇನು ತಾಗುವುದರಲ್ಲಿತ್ತು. ಮಗು ಮಾತ್ರ ಆಟವೆಂದುಕೊಂಡು ನಗುತ್ತಿದೆ. ಹೇಳಿ, ಆ ಮಗುವಿಗೆ ಚಪ್ಪಲಿ ಯಾರು ಹಾಕಬೇಕಿತ್ತು? ಅದು ಯಾವ ನಂಬರಿಗೆ ಫೋನು ಮಾಡಬೇಕಿತ್ತು?

ಅವತ್ತೇ ಆ ನಂಬರ್ ತೆಗೆಸಿದ, ದೂರಿನ ಕರೆಯನ್ನು ಪುಕ್ಕಟೆ ಮಾಡಿದ. ರಿಪೇರಿಯವರನ್ನು ಕಟ್ಟಿಕೊಂಡು ಬೀದಿ ಬೀದಿ ತಿರುಗಿದ. ಎಷ್ಟು ಅಡುಗೆಮನೆಗಳಲ್ಲಿ ಚಪ್ಪಲಿ ಕಂಡವೋ, ಅವನಿಗೇ ಗೊತ್ತು.

ಥೂ, ಎಂಥ ದುರಾಸೆಯವನಪ್ಪ ಅಂತ ತಲೆಯಾಡಿಸುತ್ತಿದ್ದೀರಲ್ಲ? ಸ್ವಲ್ಪ ನಿಲ್ಲಿ. ನಿಮಗೆ ದೂರು ಹೇಳುವ ನಂಬರಿನ ದರ ಎಷ್ಟು? ಹೆಂಡತಿ ಒಂದು ತಪ್ಪು ಎತ್ತಿ ಹೇಳಿದರೆ ತಟ್ಟೆ ತಳ್ಳಿ ಏಳುತ್ತೀರಿ, ಅದು ದರವಲ್ಲವೇ? ಸೊಸೆ ಬಾಯಿ ತೆರೆದರೆ ಅವಳ ತವರನ್ನೆಲ್ಲ ಜಾಲಾಡುತ್ತೀರಿ, ತಾಯಂದಿರೇ, ಅದು ದರವಲ್ಲವೇ? ಅಂಗಡಿ ಇಟ್ಟವರೂ ಇಲ್ಲಿದ್ದೀರಿ. ಕೆಟ್ಟ ಮಾಲು ವಾಪಸ್ ತಂದವನನ್ನು ಎಷ್ಟು ಸಲ ಅಲೆಸುತ್ತೀರಿ? ಆಮೇಲೆ ನನ್ನ ಹತ್ತಿರ ಬಂದು, "ಬುದ್ಧೀ, ನನ್ನ ಮೇಲೆ ಯಾರದೂ ದೂರಿಲ್ಲ" ಅನ್ನುತ್ತೀರಿ. ದೂರಿಲ್ಲವೋ, ಹೇಳುವ ಶಕ್ತಿ ಅವರಿಗಿಲ್ಲವೋ? ಒಂಚೂರು ಕುತೂಹಲ ಇರಲಿ ಮಾರಾಯರೇ!

ಇವತ್ತು ಮನೆಗೆ ಹೋಗಿ ಕೇಳಿ, 'ನನ್ನಿಂದ ನಿನಗೇನು ತೊಂದರೆ?' ಕೇಳಿ, ಬಾಯಿ ಮುಚ್ಚಿಕೊಂಡು ಕೂತಿರಿ. ಸಿಟ್ಟು ಬೇಡ, ಸಮಜಾಯಿಷಿ ಬೇಡ, ಮಾತು ಬಿಡುವುದಂತೂ ಬೇಡವೇ ಬೇಡ. ಅಂಗಡಿಯವರು ನಾಳೆ ದೂರು ತಂದವನಿಗೆ ಮೊದಲು ಕುರ್ಚಿ ಹಾಕಿ.

ಹೊರಗೆ ನಿಮ್ಮ ಚಪ್ಪಲಿಗಳು ಸಾಲಾಗಿ ಬಿದ್ದಿವೆ. ಮೆಟ್ಟಿಕೊಳ್ಳುವಾಗ ಒಂದು ಗಳಿಗೆ ಯೋಚಿಸಿ, ನಿಮಗೆ ಹೆದರಿ ಮನೆಯೊಳಗೇ ಚಪ್ಪಲಿ ಹಾಕಿಕೊಂಡು ನಿಂತವರು ಯಾರು? ಮೊದಲು ಅವರನ್ನು ಕೇಳಿ.