ಗಟ್ಟಿ ಐತಿ, ನಡಿ ಒಳಗ

ಕಡೆಯ ಬಸ್ಸಿಳಿದು ಚಂದಪ್ಪ ಒಬ್ಬನೇ ಊರ ಹಾದಿ ಹಿಡಿದಿದ್ದ. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವನು. ಹುನಗುಂದದ ಆಚೆ, ನೆಲದಡಿಯ ಬಂಗಾರದ ಗಣಿಯಲ್ಲಿ ಮೇಸ್ತ್ರಿ. ಆಲದ ಮರದ ಕೆಳಗೆ ಬಂದಾಗ ಮೇಲೆ, ಕೊಂಬೆಗಳ ನಡುವೆ...

ಠಣ್.

ಕಬ್ಬಿಣದ ಹಾರೆಯ ತುದಿ ಬಂಡೆಗೆ ಬಡಿದ ಸಪ್ಪಳ. ಮರದ ಮೇಲೆ ಬಂಡೆ ಎಲ್ಲಿಂದ ಬರಬೇಕು?

ಚಂದಪ್ಪನ ಕಾಲು ಅಲ್ಲೇ ನೆಟ್ಟುಕೊಂಡವು. ಗಣಿಯ ತಳದಲ್ಲಿ, ಮೈ ಬೆಂದುಹೋಗುವ ಸೆಕೆಯಲ್ಲಿ, ಸಿಡಿಮದ್ದಿನ ಹೊಗೆ ಕಳೆದ ಮೇಲೆ ಮೇಸ್ತ್ರಿ ಮೊದಲು ಹಾರೆಯಿಂದ ತಲೆಮೇಲಿನ ಬಂಡೆ ಬಡಿದು ನೋಡಬೇಕು. ಠಣ್ ಅಂದರೆ ಗಟ್ಟಿ. ದೊಬ್ ಅಂದರೆ ಒಳಗೆ ಬಿರುಕು... ಓಡು.

ಹೋದ ವಾರ ದೊಬ್ ಅಂದಿತ್ತು. ಆದರೆ ಎದುರಿಗೆ ಬೆಳ್ಳನೆಯ ಬೆಣಚುಕಲ್ಲಿನ ಪಟ್ಟೆ, ಅದರೊಳಗೆ ಬಂಗಾರದ ಎಳೆ ಮಿಣಮಿಣ. ಮುಂದಿನ ಪಾಳಿಯವರು ಹೆಸರು ಹೊಡೆದುಕೊಂಡಾರೆಂದು ಚಂದಪ್ಪ ತನ್ನ ಕೈಕೆಳಗಿನ ಕೂಲಿ ಮುತ್ತುರಾಜನ ಬೆನ್ನಿಗೆ ಕೈಯಿಟ್ಟು, "ಗಟ್ಟಿ ಐತಿ, ನಡಿ ಒಳಗ" ಅಂದುಬಿಟ್ಟ. ಬಂಡೆ ಕುಸಿಯಿತು. ಮುತ್ತುರಾಜನ ಮುಖವನ್ನು ಅವನ ಹೆಂಡತಿ ಸುರೇಖಾಗೆ ತೋರಿಸುವ ಹಾಗಿರಲಿಲ್ಲ.

ನಾಳೆ ವಿಚಾರಣೆ. 'ಬ್ಯಾಡ ಅಂದ್ರೂ ಕೇಳದ ಹೋದ್ನರಿ' ಎಂದು ಚಂದಪ್ಪ ಬಸ್ಸಿನ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

"ಮೇಸ್ತ್ರಿ..." ಕಿವಿಯ ಹತ್ತಿರವೇ ಪಿಸುಮಾತು. "ನಾಳೆ ಏನ್ ಹೇಳಾವ್ರಿ?"

"ಯಾ... ಯಾರಲೇ ಅದು?"

"ನಾನರಿ. ನಿಮ್ಮ ಮಾತ ಕೇಳಿದಾಂವ."

ಓಡಿದ. ಚಪ್ಪಲಿ ಒಂದು ಕಡೆ, ಬುತ್ತಿಡಬ್ಬಿ ಒಂದು ಕಡೆ. ಹಿಂದೆ ಗಣಿಬೂಟಿನ ಸಪ್ಪಳ, ಅವಸರವಿಲ್ಲದ್ದು... ಚರ್... ಚರ್... ಮನೆಯ ಹೊಸ್ತಿಲಿಗೆ ಕಾಲಿಟ್ಟ. ಮಾಳಿಗೆಯ ತೊಲೆಯಿಂದ...

ದೊಬ್.

ಬೆನ್ನ ಮೇಲೆ ತಣ್ಣನೆಯ ಕೈ. "ಗಟ್ಟಿ ಐತ್ರಿ ಮೇಸ್ತ್ರಿ. ನಡೀರಿ ಒಳಗ."

"ಹನಮವ್ವಾ! ಹೊರಗ ಬಾರ! ಮಾಳಗಿ ಬೀಳ್ತೈತಿ!"

ಹೆಂಡತಿ ಸೆರಗು ಸುತ್ತಿಕೊಂಡು ಬಂದಳು. "ಹಾಕ್ಕೊಂಡು ಬಂದೀರೇನ್ರಿ? ಮಾಳಗಿಗಿಂತ ಮೊದಲ ನೀವು ಬೀಳ್ತೀರಿ ನೋಡ್ರಿ!"

ಅವಳಿಗೆ ಏನೂ ಕೇಳಿರಲಿಲ್ಲ. ನಾವೂ ಎದ್ದು ಹೋಗಿ ತೊಲೆ ಬಡಿದು ನೋಡಿದೆವು. ಗಟ್ಟಿಯಾಗಿಯೇ ಇತ್ತು. ಚಂದಪ್ಪ ಮಾತ್ರ ಒಳಗೆ ಕಾಲಿಡಲಿಲ್ಲ.

ಮರುದಿನ ವಿಚಾರಣೆಯ ಕೋಣೆಯ ಬಾಗಿಲಲ್ಲೂ ಅದೇ... ದೊಬ್. ಬೆನ್ನ ಮೇಲೆ ಅದೇ ಕೈ. ಚಂದಪ್ಪ ಹಿಂದಕ್ಕೆ ಜಿಗಿದು, ಉರಿಬಿಸಿಲಿನ ಅಂಗಳದಲ್ಲಿ ನಿಂತು ಒದರಿದ: "ದೊಬ್ ಅಂದಿತ್ರಿ ಸಾಹೇಬ್ರ! ಗೊತ್ತಿದ್ದೂ ನಾನ ಕಳಿಸಿದೆ!" ಸುರೇಖಾ ಅಲ್ಲೇ ಇದ್ದಳು.

ಖರೆ ಹೇಳಿದ ಮೇಲಾದರೂ ಬಿಟ್ಟೀತು ಅಂದುಕೊಂಡ. ಎಲ್ಲಿ ಬಿಟ್ಟೀತು! ಬೀರಪ್ಪನ ಗುಡಿಯಲ್ಲಿ ದೊಬ್. ಬಸ್ಸಿನಲ್ಲಿ ದೊಬ್. ಈಗ ಮಳೆ ಬರಲಿ, ಗುಡುಗು ಬರಲಿ, ಗೋಣಿಚೀಲ ಹೊದ್ದು ಅಂಗಳದಲ್ಲೇ ಮಲಗುತ್ತಾನೆ.

ಅವನಿಗೆ ತಲೆ ಕೆಟ್ಟಿದೆ ಅನ್ನಿ, ಒಪ್ಪಿದೆ. ನಾನು ಸುಳ್ಳುಬುರುಕ ಅನ್ನಿ, ಅದನ್ನು ಊರೇ ಅನ್ನುತ್ತದೆ. ಆದರೆ ಮನೆಯೊಳಗೇ ಕಟ್ಟುತ್ತಿದ್ದ ಅವನ ಎಮ್ಮೆ? ಅದಕ್ಕೆ ಸುಳ್ಳು ಹೇಳುವ ಗರಜೇನು? ಅವತ್ತು ರಾತ್ರಿ ಹಗ್ಗ ಹರಿದುಕೊಂಡು ಹೊರಬಿದ್ದದ್ದು ಇವತ್ತಿಗೂ ಒಳಗೆ ಹೋಗಿಲ್ಲ. ನಾನೇ ಎಳೆದು ನೋಡಿದ್ದೇನೆ. ಹೊಸ್ತಿಲ ತನಕ ಬರುತ್ತದೆ... ಕಿವಿ ನೆಟ್ಟಗೆ ಮಾಡಿ ಮಾಳಿಗೆ ನೋಡುತ್ತದೆ... ಹಿಂದೆ ಸರಿಯುತ್ತದೆ.